ವ್ಯಸನಮುಕ್ತಿ: ನೆರವು ಎಲ್ಲಿದೆ, ಮನೆಯವರು ಮಾಡಬೇಕಾದುದೇನು?



ಇಂಥ ಸನ್ನಿಧಿಯಲ್ಲಿ ಮದ್ಯದ ಮಾತೇಕೆ ಎಂಬ ಪ್ರಶ್ನೆ ಸಹಜವಾದುದು. ಈರುಳ್ಳಿ, ಬೆಳ್ಳುಳ್ಳಿಯನ್ನೂ ಒಳಗೆ ತರದ ಮನೆಗಳಲ್ಲಿ ಬಾಟಲಿಯ ಪ್ರಸ್ತಾಪವೇ ಅಶುಭವೆಂದು ಭಾವಿಸುವವರಿದ್ದಾರೆ. ಆದರೆ ಪ್ರಸ್ತಾಪ ಮಾಡದಿದ್ದ ಮಾತ್ರಕ್ಕೆ ಈ ರೋಗವು ಹೊಸ್ತಿಲಾಚೆ ನಿಂತಿಲ್ಲವೆಂಬುದು ಹಲವು ಕುಟುಂಬಗಳಿಗೆ ತಿಳಿಯದ ವಿಷಯವಲ್ಲ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿದವರಿಗೆ ವ್ಯಸನದಿಂದ ಬಿಡುಗಡೆ ಹೊಂದಲು ಬೇಕಾದ ವೈದ್ಯಕೀಯ ಹಾಗೂ ಸಾಮಾಜಿಕ ನೆರವು ದೂರದಲ್ಲಿಲ್ಲ. ಬಹುಪಾಲು ಲೋಕಲ್ ಗಾಡಿಯ ಪಾಸಿನ ಅಳತೆಯಲ್ಲಿಯೇ ಇದೆ. ಹಾಗಿದ್ದೂ ಆ ಬಾಗಿಲನ್ನು ತಟ್ಟುವ ಹೊತ್ತಿಗೆ ಮನೆಯಲ್ಲಿ ಐದೋ ಹತ್ತೋ ವರ್ಷಗಳು ಕಳೆದಿರುತ್ತವೆ. ಆ ವರ್ಷಗಳು ಹೇಗೆ ಕಳೆಯುತ್ತವೆ, ಅವನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದೇ ಪ್ರಸ್ತುತ ಉಪನ್ಯಾಸದ ವಿಷಯ.

ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 10ರಿಂದ 75 ವರ್ಷ ವಯಸ್ಸಿನ ಭಾರತೀಯರಲ್ಲಿ ಶೇ. 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ, ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ ಚಿಕಿತ್ಸೆಯ ಅಥವಾ ಬೇರೆ ಬಗೆಯ ನೆರವಿನ ಅಗತ್ಯವಿದೆ. ಇದಕ್ಕಿಂತ ಗಮನಾರ್ಹವಾದ ಸಂಖ್ಯೆ ಬೇರೊಂದಿದೆ. ಮದ್ಯಕ್ಕೆ ಪೂರ್ಣವಾಗಿ ಅಧೀನರಾದವರಲ್ಲಿ 38 ಮಂದಿಗೆ ಒಬ್ಬನು ಮಾತ್ರ ಯಾವುದಾದರೊಂದು ಚಿಕಿತ್ಸೆಯನ್ನು ಪಡೆದಿದ್ದನು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವನು 180 ಮಂದಿಗೆ ಒಬ್ಬನು. ಉಳಿದ 37 ಮಂದಿ ಎಲ್ಲಿದ್ದಾರೆ? ಮನೆಯಲ್ಲಿಯೇ ಇದ್ದಾರೆ.

ಸಂಪ್ರದಾಯಸ್ಥ ಮನೆಗಳಲ್ಲಿ ಈ ಮುಚ್ಚಿಡುವಿಕೆ ಇನ್ನಷ್ಟು ದಟ್ಟವಾಗಿರುತ್ತದೆ. ಕುಡಿತ ನಿಷಿದ್ಧವಲ್ಲದ ಮನೆಯಲ್ಲಿ ಮಗ ಅತಿಯಾಗಿ ಕುಡಿದರೆ ತಂದೆ ಗದರಿಸುತ್ತಾನೆ. ಅಲ್ಲಿ ‘ಅತಿ’ ಎಂಬ ಅಳತೆಗೆ ಅವಕಾಶವಿದೆ. ನಿಷಿದ್ಧವಾದ ಮನೆಯಲ್ಲಿ ಮೊದಲ ಗುಟುಕೂ ನೂರನೆಯ ಗುಟುಕೂ ಒಂದೇ ಪಾಪ. ಆದ್ದರಿಂದ ಕುಡಿಯುವವನು ಮೊದಲ ದಿನದಿಂದಲೇ ಸುಳ್ಳು ಹೇಳಬೇಕಾಗುತ್ತದೆ, ಮನೆಯವರು ಮೊದಲ ದಿನದಿಂದಲೇ ಕಾಣದವರಂತೆ ಇರಬೇಕಾಗುತ್ತದೆ. ಈ ಭಾಗದ ಜೀವನಕ್ರಮವೂ ಅದಕ್ಕೆ ಅನುಕೂಲವಾಗಿದೆ. ಡೊಂಬಿವಲಿಯಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ 48 ಕಿ.ಮೀ., ಕಲ್ಯಾಣದಿಂದ 54 ಕಿ.ಮೀ. ಬೆಳಿಗ್ಗೆ ಏಳಕ್ಕೆ ಹೊರಟವನು ರಾತ್ರಿ ಒಂಬತ್ತಕ್ಕೆ ಮರಳುತ್ತಾನೆ. ದಿನದ ಹದಿನಾಲ್ಕು ಗಂಟೆ ಮನೆಯ ಕಣ್ಣಿಗೆ ಬೀಳದೆ ಕಳೆಯುತ್ತದೆ. ಹತ್ತೂವರೆಗೆ ಬಂದರೂ ‘ಗಾಡಿ ಲೇಟು’ ಎಂದರೆ ಮಾತು ಮುಗಿಯಿತು. ಮಧ್ಯ ರೈಲ್ವೆಯ ಗಾಡಿಗಳು ಮನೆಮನೆಯ ಲೆಕ್ಕದಲ್ಲಿ ತಡವಾಗುವಷ್ಟು ನಿಜಕ್ಕೂ ತಡವಾಗುವುದಿಲ್ಲ ಎಂದು ರೈಲ್ವೆಯ ಪರವಾಗಿ ಒಂದು ಮಾತು ಹೇಳಿದರೆ ತಪ್ಪಾಗಲಾರದು. ಗಾಡಿ ನಡೆಸುವ ಸಿಬ್ಬಂದಿ ಕೆಲಸಕ್ಕೆ ಹಾಜರಾಗುವಾಗ ಲಾಬಿಯಲ್ಲಿ ಯಂತ್ರದಲ್ಲಿ ಉಸಿರೂದಿ ಪರೀಕ್ಷೆಗೆ ಒಳಪಡಬೇಕು. ಗುಮಾಸ್ತನಿಗೆ, ಲೆಕ್ಕಿಗನಿಗೆ, ಕಂಪ್ಯೂಟರಿನ ಮುಂದೆ ಕುಳಿತವನಿಗೆ ಅಂಥ ಯಾವ ಪರೀಕ್ಷೆಯೂ ಇಲ್ಲ. ಆದ್ದರಿಂದ ಅವನ ರೋಗ ಬಹುಕಾಲ ಯಾರಿಗೂ ಗೊತ್ತಾಗುವುದಿಲ್ಲ.

ಇಂಥ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಡೊಂಬಿವಲಿ ಪೂರ್ವದಲ್ಲಿ ಎರಡು ಕೋಣೆಗಳ ಮನೆ. ಬಾಗಲಕೋಟೆಯ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಮಗನ ವಯಸ್ಸು ನಲವತ್ತರ ಆಸುಪಾಸು. ಅಂದು ತಂದೆಯ ಶ್ರಾದ್ಧ. ಮಡಿಯುಟ್ಟು ಕುಳಿತ ಮಗ ಎಳ್ಳುನೀರು ಬಿಡುವಾಗ ಅವನ ಕೈ ನಡುಗುತ್ತಿದೆ. ನೀರು ತಟ್ಟೆಯಲ್ಲಿ ಬೀಳದೆ ಮಣೆಯ ಮೇಲೆ ಚೆಲ್ಲುತ್ತಿದೆ. ಫ್ಯಾನು ತಿರುಗುತ್ತಿದ್ದರೂ ಹಣೆಯಲ್ಲಿ ಬೆವರು. ಆಚಾರ್ಯರು ತಲೆಯೆತ್ತಿ ನೋಡುತ್ತಾರೆ. “ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ಆಚಾರ್ಯರ, ನಿಶ್ಶಕ್ತಿ ಆಗ್ಯದ” ಎಂದು ತಾಯಿ ಬಾಗಿಲಲ್ಲಿ ನಿಂತು ಹೇಳುತ್ತಾಳೆ. ಒಳಗೆ ಒಲೆಯ ಮುಂದಿರುವ ಸೊಸೆಗೆ ನಿಜಸಂಗತಿ ತಿಳಿದಿದೆ. ನಿನ್ನೆ ಸಂಜೆಯಿಂದ ಅವನು ಮನೆ ಬಿಟ್ಟು ಹೊರಗೆ ಹೋಗಿಲ್ಲ. ಅವನಿಗೆ ಅನ್ನ ಸಿಗದೆ ಕೈ ನಡುಗುತ್ತಿಲ್ಲ, ಅದು ಸಿಗದೆ ನಡುಗುತ್ತಿದೆ. ಅತ್ತೆಗೂ ಅದು ತಿಳಿದಿದೆಯೆಂದು ಸೊಸೆಗೆ ತಿಳಿದಿದೆ. ಇಬ್ಬರೂ ಪರಸ್ಪರ ಒಂದು ಮಾತನ್ನೂ ಆಡಿಲ್ಲ.

ಆ ನಡುಕ ನಾಲಗೆಯ ಚಪಲವಲ್ಲ, ನರಮಂಡಲದ ಸ್ಥಿತಿ. ಪ್ರತಿದಿನ ಮದ್ಯ ಬೀಳುವ ಶರೀರದಲ್ಲಿ ಮೆದುಳು ತನ್ನ ಸಮತೋಲವನ್ನು ಅದಕ್ಕೆ ಹೊಂದಿಸಿಕೊಂಡಿರುತ್ತದೆ. ಮದ್ಯವು ಮೆದುಳಿಗೆ ಬ್ರೇಕ್ ಹಾಕುವ ವಸ್ತು. ಬ್ರೇಕ್ ಸದಾ ಬಿಗಿದಿರುವಾಗ ಗಾಡಿ ಎಳೆಯಲು ಎಂಜಿನ್ ಹೆಚ್ಚು ಜೋರು ಮಾಡಬೇಕಾಗುತ್ತದೆ. ಬ್ರೇಕನ್ನು ಒಮ್ಮೆಗೇ ತೆಗೆದರೆ ಆ ಜೋರು ಹಿಡಿತಕ್ಕೆ ಸಿಗುವುದಿಲ್ಲ. ಕೊನೆಯ ಗುಟುಕಿನ ಆರರಿಂದ ಇಪ್ಪತ್ತನಾಲ್ಕು ಗಂಟೆಗಳೊಳಗೆ ನಡುಕ, ಬೆವರು, ಎದೆಬಡಿತ, ನಿದ್ರಾಹೀನತೆಗಳು ಆರಂಭವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಬುದ್ಧಿಭ್ರಮಣೆಯಾಗಿ, ಇಲ್ಲದ್ದು ಕಾಣಿಸತೊಡಗಿ, ಜ್ವರವೇರಿ ಪ್ರಾಣಕ್ಕೆ ಅಪಾಯವಾಗುವುದುಂಟು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆಂದು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು. ಹಿಂದೆ ಒಮ್ಮೆ ಫಿಟ್ಸ್ ಬಂದವನಿಗಂತೂ ಅಪಾಯ ಹೆಚ್ಚು.

ಇದನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಶುಭದಿನ ನೋಡಿ ಕುಡಿತ ಬಿಡುವ ಸಂಕಲ್ಪ ಮಾಡುವ ರೂಢಿ ಅನೇಕ ಮನೆಗಳಲ್ಲಿದೆ, ಆ ಶುಭದಿನ ಬಹುತೇಕ ಏಕಾದಶಿಯೇ ಆಗಿರುತ್ತದೆ. ನಿತ್ಯವೂ ಕುಡಿಯುವವನನ್ನು ಅಂದು ಕೋಣೆಯಲ್ಲಿ ಕೂಡಿಸಿ, ನೀರನ್ನೂ ಕೊಡದೆ ನಿರ್ಜಲ ಉಪವಾಸ ಮಾಡಿಸಿದರೆ ಎರಡು ಅಪಾಯಗಳು ಒಂದಾಗುತ್ತವೆ. ಅವನ ಶರೀರದಲ್ಲಿ ಮೊದಲೇ ಬಿ-1 ಜೀವಸತ್ತ್ವ, ಎಂದರೆ ಥಯಾಮಿನ್, ಕೊರತೆಯಿರುವ ಸಂಭವ ಹೆಚ್ಚು. ಆ ಕೊರತೆ ತೀವ್ರವಾದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಅದಕ್ಕಾಗಿಯೇ ವೈದ್ಯರು ಗ್ಲೂಕೋಸ್ ಏರಿಸುವ ಮುನ್ನ ಥಯಾಮಿನ್ ಚುಚ್ಚುಮದ್ದು ಕೊಡುತ್ತಾರೆ. ಆದ್ದರಿಂದ ಬಿಡುವ ಮೊದಲ ವಾರ ವೈದ್ಯರ ಕೈಯಲ್ಲಿರಬೇಕು. ರೋಗಿಯ ಸ್ಥಿತಿ ನೋಡಿ, ನಡುಕವನ್ನು ತಡೆಯುವ ಔಷಧವನ್ನು ಆರಂಭಿಸಿ ಐದರಿಂದ ಹತ್ತು ದಿನಗಳಲ್ಲಿ ಕ್ರಮೇಣ ಇಳಿಸಿ ನಿಲ್ಲಿಸುತ್ತಾರೆ. ಹಲವರಿಗೆ ಇದು ಹೊರರೋಗಿಗಳಾಗಿಯೇ ಸಾಧ್ಯ. ಏಕಾದಶಿಯ ಉಪವಾಸವು ಶರೀರ ಗಟ್ಟಿಯಾದ ಮೇಲೆ ಮುಂದೆ ಎಷ್ಟಾದರೂ ಬರುತ್ತದೆ. ಬಾಲರು, ವೃದ್ಧರು, ಆತುರರಿಗೆ ಶಾಸ್ತ್ರವೇ ವಿನಾಯಿತಿ ಕೊಟ್ಟಿರುವಾಗ ಆತುರನೆಂದರೆ ಯಾರು ಎಂಬುದನ್ನು ಸ್ವಲ್ಪ ವಿಚಾರ ಮಾಡಬೇಕು.

ವೈದ್ಯರಲ್ಲಿಗೆ ಹೋಗುವ ಮುನ್ನ ಮನೆಯವರು ಮಾಡಿ ನೋಡುವ ಉಪಾಯಗಳು ಹೆಚ್ಚುಕಡಿಮೆ ಎಲ್ಲ ಕಡೆಗೂ ಒಂದೇ. ಮೊದಲನೆಯದು ಆಣೆ. ಮಂತ್ರಾಲಯಕ್ಕೆ ಕರೆದೊಯ್ದು ರಾಯರ ಬೃಂದಾವನದ ಮುಂದೆ ನಿಲ್ಲಿಸಿ ‘ಇನ್ನು ಮುಟ್ಟುವುದಿಲ್ಲ’ ಎಂದು ಹೇಳಿಸುವುದು. ಹೇಳುವವನು ಆ ಕ್ಷಣದಲ್ಲಿ ಪ್ರಾಮಾಣಿಕವಾಗಿಯೇ ಹೇಳುತ್ತಾನೆ; ಅದರಲ್ಲಿ ಸಂದೇಹ ಬೇಡ. ಹದಿನೈದು ದಿನ, ಒಂದು ತಿಂಗಳು ಆ ಮಾತು ನಿಲ್ಲುತ್ತದೆ. ಮುರಿದ ದಿನದಿಂದ ಅವನು ಮಠಕ್ಕೆ ಬರುವುದನ್ನು ಬಿಡುತ್ತಾನೆ, ಮನೆಯ ದೇವರ ಮುಂದೆ ಕೂಡುವುದನ್ನು ಬಿಡುತ್ತಾನೆ. ಜನರ ಮುಂದೆ ಇದ್ದ ನಾಚಿಕೆ ಈಗ ದೇವರ ಮುಂದೆಯೂ. ಆ ನಾಚಿಕೆಯನ್ನು ಮರೆಯಲು ಮತ್ತೆ ಅದೇ ದಾರಿ. ಚಿಕಿತ್ಸೆಯೊಂದಿಗೆ ಮಾಡಿದ ಸಂಕಲ್ಪ ಬಲ ಕೊಡುತ್ತದೆ. ಚಿಕಿತ್ಸೆಗೆ ಬದಲಾಗಿ ಮಾಡಿಸಿದ ಆಣೆ ಅವನ ತಲೆಯ ಮೇಲೆ ಇನ್ನೊಂದು ಸಾಲವನ್ನು ಹೊರಿಸುತ್ತದೆ. ಎರಡನೆಯ ಉಪಾಯ ಮದುವೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮದುವೆಯಿಂದ ಈ ರೋಗ ವಾಸಿಯಾಗುವುದಿಲ್ಲ, ಅದನ್ನು ಹೊರುವವರ ಸಂಖ್ಯೆ ಮಾತ್ರ ಒಂದು ಹೆಚ್ಚುತ್ತದೆ. ವಿಷಯ ಮುಚ್ಚಿಟ್ಟು ಕನ್ಯೆಯನ್ನು ತಂದುಕೊಳ್ಳುವುದು ಯಾವ ಕುಲಾಚಾರಕ್ಕೂ ಶೋಭೆಯಲ್ಲ. ಮೂರನೆಯದು ಊರಿಗೆ ಕಳಿಸುವುದು. ಊರಿನಲ್ಲಿಯೂ ಅಂಗಡಿಯಿದೆ.

ನಾಲ್ಕನೆಯ ಉಪಾಯ ಎಲ್ಲಕ್ಕಿಂತ ಅಪಾಯಕರವಾದುದು. ಲೋಕಲ್ ಡಬ್ಬಿಗಳ ಗೋಡೆಯ ಮೇಲೆ, ನಿಲ್ದಾಣದ ಸೇತುವೆಯ ಕಂಬಗಳ ಮೇಲೆ ಅಂಟಿಸಿದ ಚೀಟಿಗಳನ್ನು ಎಲ್ಲರೂ ನೋಡಿರುತ್ತಾರೆ. ಕುಡಿಯುವವನಿಗೆ ತಿಳಿಯದಂತೆ ಕುಡಿತ ಬಿಡಿಸಿಕೊಡುವ ಭರವಸೆ, ಕೆಳಗೆ ಒಂದು ಮೊಬೈಲ್ ನಂಬರು. ಪೊಟ್ಟಣ ಮನೆಗೆ ಬರುತ್ತದೆ. ಹೆಂಡತಿಯೋ ತಾಯಿಯೋ ಅದನ್ನು ಸಾರಿನಲ್ಲಿ, ಮಜ್ಜಿಗೆಯಲ್ಲಿ ಬೆರೆಸುತ್ತಾಳೆ. ಆ ಪುಡಿಯಲ್ಲಿ ಏನಿದೆಯೆಂಬುದು ಪೊಟ್ಟಣದ ಮೇಲೆ ಇರುವುದಿಲ್ಲ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧವಿದ್ದರೆ ಏನಾಗುತ್ತದೆಂಬುದನ್ನು ತಿಳಿಯುವುದು ಅಗತ್ಯ. ಮದ್ಯವು ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿ, ಅನಂತರ ನಿರಪಾಯಕಾರಿಯಾದ ವಸ್ತುವಾಗಿ ಮಾರ್ಪಡುತ್ತದೆ. ಡೈಸಲ್ಫಿರಾಮ್ ಈ ಎರಡನೆಯ ಹೆಜ್ಜೆಯನ್ನು ತಡೆಯುತ್ತದೆ. ಅದನ್ನು ಸೇವಿಸಿದವನು ಕುಡಿದರೆ ವಿಷವಸ್ತು ರಕ್ತದಲ್ಲಿ ಸಂಗ್ರಹವಾಗಿ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗವಿದ್ದವನ ಪ್ರಾಣವೇ ಹೋಗಬಹುದು. 1940ರ ದಶಕದ ಕೊನೆಯಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಕಂಡುಕೊಂಡ ಈ ಔಷಧವನ್ನು ಮನೋವೈದ್ಯರು ಇಂದಿಗೂ ಬಳಸುತ್ತಾರೆ. ಆದರೆ ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆ ಪಡೆದು, ರಕ್ತಪರೀಕ್ಷೆ ಮತ್ತು ಹೃದಯಪರೀಕ್ಷೆ ಮಾಡಿಸಿಯೇ ಬಳಸುತ್ತಾರೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಬೇರೆ ಔಷಧಗಳೂ ಇವೆ. ಅವು ಕುಡಿಯಬೇಕೆಂಬ ತುಡಿತವನ್ನು ತಗ್ಗಿಸುತ್ತವೆ. ಯಾವುದು ಯಾರಿಗೆ ಎಂಬುದು ವೈದ್ಯರ ನಿರ್ಣಯ. ಅಡಿಗೆಮನೆಯಲ್ಲಿ ಗುಟ್ಟಾಗಿ ಬೆರೆಸಿದ ಔಷಧ ಯಾವುದೇ ಆಗಿರಲಿ, ಅವನಿಗೆ ಒಂದಿಲ್ಲೊಂದು ದಿನ ಗೊತ್ತಾಗುತ್ತದೆ. ಅಂದಿನಿಂದ ಅವನು ಮನೆಯ ಅನ್ನವನ್ನು ಸಂಶಯದಿಂದ ನೋಡುತ್ತಾನೆ.

ಇನ್ನು ನೆರವಿನ ಸ್ಥಳಗಳು. ಹೊರಗೆ ಹೋಗಲು ಧೈರ್ಯ ಬಾರದವರಿಗೆ ಮೊದಲ ಹೆಜ್ಜೆ ದೂರವಾಣಿ. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ-ಮಾನಸ್’ ಸೇವೆಯ ಸಂಖ್ಯೆ 14416. ಹಗಲಿರುಳೂ ಶುಲ್ಕವಿಲ್ಲದೆ ದೊರೆಯುವ ಈ ಸೇವೆ ಕನ್ನಡದಲ್ಲಿಯೂ ಉಂಟು. ಮರಾಠಿ, ಹಿಂದಿಯಲ್ಲಿ ಮನಸ್ಸಿನ ಮಾತು ಹೇಳಲು ಬಾರದ ತಾಯಂದಿರಿಗೆ ಇದು ಸಣ್ಣ ಅನುಕೂಲವಲ್ಲ. ಸಾಮಾಜಿಕ ನ್ಯಾಯ ಸಚಿವಾಲಯದ ವ್ಯಸನಮುಕ್ತಿ ಸಹಾಯವಾಣಿ 14446. ತಂಬಾಕು, ಗುಟಕಾ, ಮಾವಾ ಬಿಡಬಯಸುವವರಿಗೆ 1800-112-356. ಕುಡಿಯುವವನೇ ಮಾತನಾಡಬೇಕೆಂಬ ನಿಯಮವಿಲ್ಲ, ಮನೆಯವರು ಕೇಳಬಹುದು.

ಥಾಣೆಯಲ್ಲಿ 1901ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಮನೋರುಗ್ಣಾಲಯವಿದೆ. ‘ಥಾಣೆಗೆ ಕಳಿಸಬೇಕು’ ಎಂಬ ಮಾತು ಮುಂಬಯಿ ಕಡೆ ಹುಚ್ಚಿಗೆ ಪರ್ಯಾಯಪದವಾಗಿ ಹೋದುದರಿಂದ ಅದರ ಗೇಟಿನೊಳಗೆ ಹೋಗಲು ಜನ ಅಂಜುತ್ತಾರೆ. ಅಂಜಿಕೆಗೆ ಆಧಾರವಿಲ್ಲ, ಅದೊಂದು ಸರಕಾರಿ ಆಸ್ಪತ್ರೆ, ಮನೋವೈದ್ಯರು ಅಲ್ಲಿದ್ದಾರೆ. (ಥಾಣೆ ಮತ್ತು ಮುಲುಂಡ್ ನಡುವಿನ ಹೊಸ ರೈಲು ನಿಲ್ದಾಣಕ್ಕೆ ಗೊತ್ತುಮಾಡಿದ್ದು ಇದೇ ಆಸ್ಪತ್ರೆಯ ಜಾಗವನ್ನು; ಮುಂದೆ ಸಾವಿರಾರು ಜನ ದಿನವೂ ಅಲ್ಲಿಂದಲೇ ಹಾಯುವಾಗ ಆ ಹೆಸರಿನ ಭಯ ತಾನಾಗಿ ಕಡಮೆಯಾದೀತು.) ಕಳವಾದಲ್ಲಿ ಥಾಣೆ ಮಹಾನಗರಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ ಆಸ್ಪತ್ರೆ, ಅದಕ್ಕೆ ಸೇರಿದ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜು ಇವೆ. ನವಿಮುಂಬಯಿಯವರಿಗೆ ನೆರೂಳದ ಡಿ. ವೈ. ಪಾಟೀಲ್ ಮತ್ತು ಕಾಮೋಠೆಯ ಎಂ.ಜಿ.ಎಂ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. 2004ರಲ್ಲಿ ಥಾಣೆ–ವಾಶಿ ಮಾರ್ಗ ಆರಂಭವಾದ ಮೇಲೆ ಥಾಣೆಯವರು ಅತ್ತ, ವಾಶಿಯವರು ಇತ್ತ ಬರುವುದು ಸುಲಭವಾಗಿದೆ. ನೆರೆಯವರ ಕಣ್ಣಿಗೆ ಬೀಳಬಾರದೆಂಬವರಿಗೆ ಇದೂ ಒಂದು ಲಾಭ! ಡೊಂಬಿವಲಿ, ಕಲ್ಯಾಣದವರು ಕಳವಾಕ್ಕೆ ಬರಬಹುದು, ಇಲ್ಲವೇ ನೇರವಾಗಿ ಮುಂಬಯಿಯ ಸಾಯನ್ ಅಥವಾ ಕೆ.ಇ.ಎಂ. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಮನೋವೈದ್ಯರೆಂದರೆ ಬೇಡವೆನ್ನುವವನನ್ನು ಮೊದಲು ಕುಟುಂಬದ ಸಾಮಾನ್ಯ ವೈದ್ಯರ ಬಳಿ ‘ಲಿವರ್ ತಪಾಸಣೆ’ಗೆಂದು ಕರೆದೊಯ್ದರೂ ಆದೀತು. ಅದರಲ್ಲಿ ಸುಳ್ಳೇನೂ ಇಲ್ಲ; ತಪಾಸಣೆ ಬೇಕೇ ಇದೆ.

ಸರಕಾರಿ ವ್ಯವಸ್ಥೆಯ ಹೊರಗೆ ಹೆಸರಿಸಬೇಕಾದ ಸಂಸ್ಥೆಗಳಲ್ಲಿ ಪುಣೆಯ ಮುಕ್ತಾಂಗಣ ಪ್ರಮುಖವಾದುದು. 1980ರ ದಶಕದಲ್ಲಿ ಮುಂಬಯಿ, ಪುಣೆಗಳ ಯುವಕರಲ್ಲಿ ‘ಗರ್ದ್’ ಎಂಬ ಬ್ರೌನ್ ಶುಗರ್ ಹಬ್ಬಿದಾಗ ಮರಾಠಿ ಲೇಖಕ ಡಾ. ಅನಿಲ ಅವಚಟರು ಅದನ್ನು ಕುರಿತು ಬರೆದರು. ಆ ಬರಹವನ್ನು ಓದಿ ಕಳವಳಗೊಂಡ ಪು. ಲ. ದೇಶಪಾಂಡೆ ಮತ್ತು ಸುನೀತಾಬಾಯಿ ದಂಪತಿಗಳು ಧನಸಹಾಯ ನೀಡಿದರು. ಅನಿಲರ ಪತ್ನಿ, ಮನೋವೈದ್ಯೆ ಡಾ. ಸುನಂದಾ ಅವಚಟರ ಮುಂದಾಳುತನದಲ್ಲಿ 1986ರಲ್ಲಿ ಯೆರವಡಾ ಮನೋರುಗ್ಣಾಲಯದ ಆವರಣದಲ್ಲಿ ಕೇಂದ್ರ ಆರಂಭವಾಯಿತು. ಸುನಂದಾ ಅವರು 1997ರಲ್ಲಿ ತೀರಿಕೊಂಡ ಮೇಲೆ ಮಗಳು ಮುಕ್ತಾ ಪುಣತಾಂಬೇಕರರು ಹೊಣೆ ಹೊತ್ತರು. ಮನೆಯವರನ್ನು ಚಿಕಿತ್ಸೆಯ ಭಾಗವಾಗಿಸಿಕೊಂಡಿರುವುದು ಅಲ್ಲಿಯ ವೈಶಿಷ್ಟ್ಯ. ಪತ್ನಿಯರಿಗಾಗಿ ‘ಸಹಚರಿ’ ಎಂಬ ಬಳಗವಿದೆ, ವ್ಯಸನಕ್ಕೆ ಒಳಗಾದ ಸ್ತ್ರೀಯರಿಗಾಗಿ ‘ನಿಶಿಗಂಧ’ ಎಂಬ ವಿಭಾಗವಿದೆ. ಸ್ತ್ರೀಯರೆಂದೊಡನೆ ಹುಬ್ಬೇರಿಸಬೇಕಾಗಿಲ್ಲ. ವರ್ಷಾನುಗಟ್ಟಲೆ ನಿದ್ದೆಮಾತ್ರೆಯ ಚೀಟಿಯನ್ನು ಹೊಸದು ಮಾಡಿಸುತ್ತಲೇ ಇರುವ ಗೃಹಿಣಿಯರು ಒಳ್ಳೆಯ ಮನೆಗಳಲ್ಲಿಯೇ ಇದ್ದಾರೆ. ಕಲ್ಯಾಣದಿಂದ ಪುಣೆ ಗಾಡಿಯಲ್ಲಿ ಎರಡೂವರೆ, ಮೂರು ಗಂಟೆಯ ದಾರಿ. ಮುಕ್ತಾಂಗಣದೊಡನೆ ದೀರ್ಘಕಾಲ ದುಡಿದ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಥಾಣೆಯಲ್ಲಿ ಸ್ಥಾಪಿಸಿದ ಐ.ಪಿ.ಎಚ್. ಸಂಸ್ಥೆಯಲ್ಲಿ ಆಪ್ತಸಮಾಲೋಚನೆ ದೊರೆಯುತ್ತದೆ. ಬಾಂದ್ರಾದಲ್ಲಿ ಫಾದರ್ ಜೋ ಪಿರೇರಾ ಅವರು 1981ರಲ್ಲಿ ಆರಂಭಿಸಿದ ಕೃಪಾ ಫೌಂಡೇಶನ್ ಇನ್ನೊಂದು. ಅಲ್ಲಿಯ ಚಿಕಿತ್ಸೆಯಲ್ಲಿ ಯೋಗಾಸನಗಳಿಗೆ ಸ್ಥಾನವಿದೆ. ಫಾದರ್ ಅದನ್ನು ಕಲಿತದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಬಿ. ಕೆ. ಎಸ್. ಅಯ್ಯಂಗಾರರಿಂದ.

ಊರಿನ ಕಡೆ ಹೋಗಿ ಚಿಕಿತ್ಸೆ ಪಡೆಯಬಯಸುವವರಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಉಡುಪಿಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಗಳಿವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಪ್ರಸಿದ್ಧ. ಶಿಬಿರ ಮುಗಿಸಿದವರು ‘ನವಜೀವನ ಸಮಿತಿ’ಗಳಲ್ಲಿ ಮತ್ತೆ ಮತ್ತೆ ಸೇರುವ ಏರ್ಪಾಡನ್ನು ಅಲ್ಲಿ ಮಾಡಿರುವುದು ದೂರದೃಷ್ಟಿಯ ಕೆಲಸ.

ವ್ಯಸನಮುಕ್ತಿ ಕೇಂದ್ರವೆಂದು ಬೋರ್ಡು ಹಾಕಿದ ಎಲ್ಲವೂ ಒಂದೇ ಬಗೆಯವಲ್ಲ. ಫೋನು ಮಾಡಿದರೆ ರಾತ್ರೋರಾತ್ರಿ ವ್ಯಾನು ತಂದು ಮನುಷ್ಯನನ್ನು ಎತ್ತಿಕೊಂಡು ಹೋಗಿ, ಮೂರು ತಿಂಗಳು ಮನೆಯವರಿಗೆ ಮುಖ ತೋರಿಸದ ಸ್ಥಳಗಳೂ ಇವೆ. 2018ರ ಮೇ 29ರಿಂದ ಜಾರಿಗೆ ಬಂದಿರುವ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಹಾಗೂ ಮಾದಕವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಅದರ ಪ್ರಕಾರ ರೋಗಿಯನ್ನು ಸರಪಳಿಯಿಂದ ಕಟ್ಟುವುದು ನಿಷಿದ್ಧ. ಅವನೇ ಒಪ್ಪಿ ಸೇರುವುದು ಸಾಮಾನ್ಯ ಕ್ರಮ. ಒಪ್ಪುವ ಸ್ಥಿತಿಯಲ್ಲಿಲ್ಲದೆ ತನಗೋ ಇತರರಿಗೋ ಅಪಾಯ ತಂದುಕೊಳ್ಳುವಂತಿದ್ದರೆ ಮಾತ್ರ, ಅವನ ಪ್ರತಿನಿಧಿಯ ಕೋರಿಕೆಯ ಮೇರೆಗೆ, ಮನೋವೈದ್ಯರೊಬ್ಬರೂ ಸೇರಿದಂತೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿ ಮೊದಲಿಗೆ 30 ದಿನಗಳವರೆಗೆ ಇರಿಸಿಕೊಳ್ಳಬಹುದು. ಹಣ ಕಟ್ಟುವ ಮುನ್ನ ನೋಂದಣಿಪತ್ರ ಕೇಳಬೇಕು, ವೈದ್ಯರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆಂದು ಕೇಳಬೇಕು, ಭೇಟಿಗೆ ಅವಕಾಶವಿದೆಯೇ ಎಂದು ಕೇಳಬೇಕು. ಕೇಳಿದ್ದಕ್ಕೆ ಸಿಡುಕಿದರೆ ಅಲ್ಲಿಂದಲೇ ಹಿಂತಿರುಗುವುದು ಲೇಸು. ಆರೋಗ್ಯ ವಿಮೆಯನ್ನು ನಂಬಿ ಕೂಡುವ ಮುನ್ನ ಪಾಲಿಸಿಯನ್ನು ಓದಬೇಕು. ಮದ್ಯವ್ಯಸನದ ಚಿಕಿತ್ಸೆಯನ್ನು ಹೊರಗಿಡುವ ಪಾಲಿಸಿಗಳು ಅನೇಕ.

ಚಿಕಿತ್ಸೆಯಿಂದ ಮರಳಿದವನನ್ನು ವರ್ಷಾನುವರ್ಷ ಹಿಡಿದು ನಿಲ್ಲಿಸುವ ಕೆಲಸವನ್ನು ಆಸ್ಪತ್ರೆ ಮಾಡಲಾರದು. ಅದನ್ನು ಮಾಡುವ ಒಂದು ಬಳಗ ಆಲ್ಕೊಹಾಲಿಕ್ಸ್ ಅನಾನಿಮಸ್, ಸಂಕ್ಷೇಪದಲ್ಲಿ ಎ.ಎ. ಅಮೆರಿಕದ ಆಕ್ರನ್ ಪಟ್ಟಣದಲ್ಲಿ 1935ರಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್ ಎಂಬ ಇಬ್ಬರು ಕುಡುಕರು ಪರಸ್ಪರ ಆಸರೆಯಾಗಿ ಆರಂಭಿಸಿದ್ದು. ಭಾರತಕ್ಕೆ ಬಂದದ್ದು 1957ರಲ್ಲಿ. ಮಧ್ಯ ರೈಲ್ವೆಯ ಮಾರ್ಗದ ಊರುಗಳಲ್ಲಿ ಹಿಂದಿ, ಮರಾಠಿಗಳಲ್ಲಿ ಅದರ ಸಭೆಗಳು ಸಂಜೆಯ ಹೊತ್ತು ನಡೆಯುತ್ತವೆ. ಶುಲ್ಕವಿಲ್ಲ, ಮನೆತನದ ಹೆಸರು ಕೇಳುವುದಿಲ್ಲ, ರಿಜಿಸ್ಟರಿನಲ್ಲಿ ಸಹಿಯಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಅರ್ಹತೆ. ಮರ್ಯಾದೆಗೆ ಅಂಜುವ ಮನೆಗಳಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಕಲ್ಪಿಸಿಕೊಳ್ಳುವುದೂ ಕಷ್ಟ. 2020ರ ಕೊಕ್ರೇನ್ ವಿಮರ್ಶೆಯು 27 ಅಧ್ಯಯನಗಳನ್ನು ಪರಿಶೀಲಿಸಿ, ಮದ್ಯದಿಂದ ಸತತವಾಗಿ ದೂರವಿರಿಸುವಲ್ಲಿ ಈ ಮಾರ್ಗ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಹಿಂದೆ ಬಿದ್ದಿಲ್ಲ, ಹಲವು ವೇಳೆ ಮುಂದೆಯೇ ಇದೆ ಎಂದು ಕಂಡುಕೊಂಡಿತು.

ಇಲ್ಲಿ ಒಂದು ಶಂಕೆ ಬರುತ್ತದೆ. ಇಂಥ ಸಭೆಗಳಲ್ಲಿ ಕೆಲವು ಚರ್ಚಿಗೆ ಸೇರಿದ ಶಾಲೆಯ ಕೋಣೆಯಲ್ಲಿ ನಡೆಯುತ್ತವೆ; ಅಲ್ಲಿಗೆ ಹೋಗಬಹುದೇ ಎಂದು ಹಿರಿಯರು ಕೇಳುತ್ತಾರೆ. ಕೋಣೆ ಯಾರದೇ ಆಗಲಿ, ಎ.ಎ. ಯಾವ ಮತಕ್ಕೂ ಸೇರಿದುದಲ್ಲ. ತನಗಿಂತ ಮಿಗಿಲಾದ ಶಕ್ತಿಯೊಂದರಲ್ಲಿ ಭಾರ ಹಾಕುವ ಮಾತು ಅದರ ಹನ್ನೆರಡು ಹೆಜ್ಜೆಗಳಲ್ಲಿ ಬರುತ್ತದೆ. ಆ ಶಕ್ತಿ ಯಾವುದೆಂಬುದನ್ನು ಅವರವರಿಗೇ ಬಿಟ್ಟಿದ್ದಾರೆ. ಜೀವನು ಸ್ವತಂತ್ರನಲ್ಲ ಎಂಬುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನಿಗೆ ಈ ಹೆಜ್ಜೆ ಇತರರಿಗಿಂತ ಸುಲಭವಾಗಬೇಕು. ಬಾರಿನಲ್ಲಿ ಕುಳಿತಾಗ ಕೋಣೆ ಯಾರದೆಂದು ಯಾರೂ ವಿಚಾರಿಸಿರಲಿಲ್ಲ ಎಂಬುದನ್ನೂ ನೆನೆಯಬಹುದು.

ಮನೆಯವರಿಗಾಗಿಯೇ 1951ರಲ್ಲಿ ಹುಟ್ಟಿದ ‘ಅಲ್-ಅನಾನ್’ ಎಂಬ ಬಳಗವಿದೆ. ಅಲ್ಲಿಗೆ ಹೋಗಲು ಕುಡಿಯುವವನು ಚಿಕಿತ್ಸೆಗೆ ಒಪ್ಪಿರಬೇಕೆಂದೇನೂ ಇಲ್ಲ. ಬಾಟಲಿ ಹುಡುಕುವುದು, ಜೇಬು ತಡಕುವುದು, ಅವನ ಪರವಾಗಿ ಆಫೀಸಿಗೆ ‘ಜ್ವರ ಬಂದಿದೆ’ ಎಂದು ಫೋನು ಮಾಡುವುದು, ಮಾಂಗಲ್ಯದ ಬಂಗಾರ ಒತ್ತೆಯಿಟ್ಟು ಅವನ ಸಾಲ ತೀರಿಸುವುದು, ಇವೆಲ್ಲ ಪ್ರೀತಿಯಿಂದಲೇ ಮಾಡುವ ಕೆಲಸಗಳು. ಆದರೆ ಅವುಗಳಿಂದ ಕುಡಿತದ ಫಲ ಕುಡಿಯುವವನಿಗೆ ಮುಟ್ಟದೆ ಹೋಗುತ್ತದೆ. ಅವನ್ನು ನಿಲ್ಲಿಸುವುದು ಹೇಗೆಂದು ಅದೇ ದಾರಿಯಲ್ಲಿ ನಡೆದ ಇತರ ಸ್ತ್ರೀಯರಿಂದ ಕಲಿಯಬೇಕು. ಮೇಲೆ ಊಹಿಸಿಕೊಂಡ ಮನೆಯಲ್ಲಿ ಅತ್ತೆ ಸೊಸೆಯರು ಪರಸ್ಪರ ಬಾಯಿ ಬಿಟ್ಟ ದಿನವೇ ಚಿಕಿತ್ಸೆಯ ಮೊದಲ ದಿನ.

ಮರಳಿ ಬಂದವನ ವಿಷಯ. ಹಳಿ ಬದಲಿಸಿದ ಜಾಗದಲ್ಲಿ ಮರುದಿನವೇ ಗಾಡಿ ಪೂರ್ಣ ವೇಗದಲ್ಲಿ ಓಡುವುದಿಲ್ಲ. ಚಾಲಕನ ಕೈಗೆ ‘ಕಾಷನ್ ಆರ್ಡರ್’ ಕೊಡುತ್ತಾರೆ; ಮೊದಲು ಗಂಟೆಗೆ 20 ಕಿ.ಮೀ., ಜಲ್ಲಿ ಗಟ್ಟಿಯಾದಂತೆ ಹಂತಹಂತವಾಗಿ ಹೆಚ್ಚು. ಗಾಡಿಗಳು ಓಡಿದಂತೆಯೂ ಜಲ್ಲಿ ಗಟ್ಟಿಯಾಗುತ್ತದೆ. ಮೊದಲ ವರ್ಷ ಹಾಗೆಯೇ. ಹಸಿವು, ಕೋಪ, ಒಂಟಿತನ, ಆಯಾಸ, ಈ ನಾಲ್ಕು ಹೊತ್ತುಗಳಲ್ಲಿ ಜಾರುವ ಭಯ ಹೆಚ್ಚೆಂದು ಈ ಬಳಗಗಳಲ್ಲಿ ಹೇಳುತ್ತಾರೆ. ಸಂಜೆ ಏಳೂವರೆಗೆ ನಿಂತುಕೊಂಡೇ ಡೊಂಬಿವಲಿಗೆ ಬಂದಿಳಿದವನಲ್ಲಿ ನಾಲ್ಕೂ ಒಟ್ಟಿಗೆ ಇರುತ್ತವೆ. ನಿಲ್ದಾಣದಿಂದ ಮನೆಯವರೆಗಿನ ದಾರಿಯಲ್ಲಿ ಎಷ್ಟು ಅಂಗಡಿಗಳಿವೆಯೆಂದು ಅವನಿಗೆ ಬಾಯಿಪಾಠ. ಬ್ಯಾಗಿನಲ್ಲಿ ಒಂದು ಡಬ್ಬಿ ಹಚ್ಚಿದ ಅವಲಕ್ಕಿ ಇಟ್ಟು, ಗಾಡಿಯಲ್ಲಿಯೇ ತಿಂದು ಬರಲು ಹೇಳುವುದು ತೀರ ಸಣ್ಣ ಉಪಾಯವೆನಿಸಬಹುದು, ಕೆಲಸ ಮಾಡುತ್ತದೆ. ಮಗ ಅಥವಾ ಮಗಳು ನಿಲ್ದಾಣಕ್ಕೆ ಎದುರು ಹೋದರೆ ಇನ್ನೂ ಒಳ್ಳೆಯದು, ಕಾವಲಿಗೆ ಬಂದವರಂತೆ ಅಲ್ಲ, ತರಕಾರಿ ತರಲು ಜೊತೆಯಾದವರಂತೆ. ಒಮ್ಮೆ ಜಾರಿದರೆ ಎಲ್ಲವೂ ಮುಗಿಯಿತೆಂದಲ್ಲ. ಮಧುಮೇಹದವನ ಸಕ್ಕರೆ ಏರಿದರೆ ವೈದ್ಯರ ಬಳಿ ಕರೆದೊಯ್ಯುವ ಮನೆಯವರು, ಇವನು ಜಾರಿದಾಗ ‘ಇಷ್ಟು ಖರ್ಚು ಮಾಡಿದ್ದು ವ್ಯರ್ಥ’ ಎಂದು ಕೈಚೆಲ್ಲುವುದು ನ್ಯಾಯವಲ್ಲ. ಅದೇ ವಾರ ಮತ್ತೆ ವೈದ್ಯರಲ್ಲಿಗೆ, ಅದೇ ಸಂಜೆ ಸಭೆಗೆ.

ಮಠದ ಶಾಖೆ ಮಾಡಬಹುದಾದ ಕೆಲಸವೊಂದಿದೆ, ಖರ್ಚಿಲ್ಲದ್ದು. ಆರಾಧನೆಯ ವಿವರ, ಸೇವೆಗಳ ದರ, ಏಕಾದಶಿ, ದ್ವಾದಶಿಗಳ ಪಟ್ಟಿ ಅಂಟಿಸುವ ಫಲಕದ ಮೇಲೆ ಒಂದು ಕಾಗದ: 14416, 14446, ಸಮೀಪದ ಆಸ್ಪತ್ರೆಯ ಹೆಸರು, ಎ.ಎ. ಮತ್ತು ಅಲ್-ಅನಾನ್ ಸಭೆಗಳ ದಿನ ಮತ್ತು ವೇಳೆ. ಅದನ್ನು ಚಪ್ಪಲಿ ಬಿಡುವ ಜಾಗದ ಗೋಡೆಗೆ ಅಂಟಿಸಿದರೆ ಇನ್ನೂ ಉಚಿತ. ಬಗ್ಗಿ ಚಪ್ಪಲಿ ಮೆಟ್ಟಿಕೊಳ್ಳುವಂತೆ ನಟಿಸುತ್ತ ಯಾರಾದರೂ ನಂಬರನ್ನು ಬರೆದುಕೊಳ್ಳಬಹುದು. ಮೊದಲ ಸಲ ಕಳವಾದ ಆಸ್ಪತ್ರೆಗೋ ಥಾಣೆಗೋ ಜೊತೆಗೆ ಬರಲು ಸಿದ್ಧರಿರುವ, ಕೇಳಿದ್ದನ್ನು ಬೇರೆಡೆ ಹೇಳದ ನಿವೃತ್ತರು ಇಬ್ಬರಾದರೂ ಈ ಸಭೆಯಲ್ಲಿ ದೊರೆಯಬೇಕು. ಆಸ್ಪತ್ರೆಯ ಹೊರರೋಗಿ ಚೀಟಿ ಬೆಳಗಿನ ಹೊತ್ತು ಮಾತ್ರ ಕೊಡುವುದರಿಂದ ಡೊಂಬಿವಲಿಯನ್ನು ಏಳೂವರೆಯೊಳಗೆ ಬಿಡುವುದು ಒಳ್ಳೆಯದು.

ಶ್ರೀಕೃಷ್ಣಾರ್ಪಣಮಸ್ತು.